ನಾಲ್ಕು ಇಂಚು ಕಡಿಮೆ

ನಮ್ಮೂರಿನ ಗಂಡಸರಿಗೆ ಒಂದು ಮಾತು ಬಾಯಿಪಾಠವಾಗಿದೆ. ಹೆಂಗಸರು ಓಣಿಗೊಂದು ನಲ್ಲಿ ಬೇಕೆಂದು ಕೇಳಲಿ, ಪಂಚಾಯಿತಿ ಕಟ್ಟೆಯ ಮೇಲೆ ಒಂದು ಚಾಪೆ ಹಾಸುವಷ್ಟು ಜಾಗ ಕೇಳಲಿ, ಅವರದು ಒಂದೇ ಉತ್ತರ: "ನಮ್ಮ ಜುಟ್ಟಾನ ನಿಮ್ಮ ಕೈಯಾಗ ಐತಿ. ಇನ್ನೇನ ಬೇಕವಾ ನಿಮಗ?" ಹೀಗೆಂದು ನಗುತ್ತಾರೆ, ನಕ್ಕು ಎದ್ದು ಹೋಗುತ್ತಾರೆ. ನನಗೆ ಈಗ ನಲವತ್ತೇಳು. ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಜುಟ್ಟು ಕೈಯಲ್ಲಿದ್ದರೆ ಆಗಿಹೋಯಿತೇ? ಅದನ್ನು ಹಿಡಿದುಕೊಂಡು ಬಾವಿಯಿಂದ ನೀರು ಸೇದಲಾಗುತ್ತದೆಯೇ?

ವಿಷಯ ಇಷ್ಟೇ. ನಮ್ಮೂರಿನಲ್ಲಿ ಗಂಡಸರ ಕೂದಲು ತಿಂಗಳಿಗೆ ನಾಲ್ಕು ಬೆರಳು ಬೆಳೆಯುತ್ತದೆ. ಎಲ್ಲಿಯ ತನಕ ಕತ್ತರಿಸಬೇಕೆಂದು ಅವನ ಪಾಲಿನ ಹೆಂಗಸೊಬ್ಬಳು ಬಾಯಿಬಿಟ್ಟು ಹೇಳದ ಹೊರತು ಅದರ ಮೇಲೆ ಯಾವ ಕತ್ತರಿಯೂ ನಡೆಯುವುದಿಲ್ಲ. ಮದುವೆಗೆ ಮೊದಲು ತಾಯಿ, ಆಮೇಲೆ ಹೆಂಡತಿ. ಇಬ್ಬರೂ ಇಲ್ಲದವನಿಗೆ ಯಾರಾದರೂ ನೆರೆಯವಳು. ಅದಕ್ಕೇ ನಿಂಗಣ್ಣನ ಕಟಿಂಗ್ ಅಂಗಡಿಯಲ್ಲಿ ಕನ್ನಡಿಯ ಮುಂದೆ ಒಂದು ಕುರ್ಚಿ ಇದೆ, ಅದರ ಹಿಂದೆ ಗೋಡೆಯುದ್ದಕ್ಕೂ ಒಂದು ಬೆಂಚು ಇದೆ. ಕುರ್ಚಿ ಗಂಡಸರದು, ಬೆಂಚು ಹೆಂಗಸರದು. ಭಾನುವಾರ ಬೆಳಿಗ್ಗೆ ಆ ಬೆಂಚಿನ ಮೇಲೆ ಸೊಪ್ಪು ಸೋಸುವವರು, ಮಗುವಿಗೆ ಹಾಲುಣಿಸುವವರು, ಸುಮ್ಮನೆ ನೋಡಲು ಬಂದವರು ಎಲ್ಲರೂ ಇರುತ್ತಾರೆ. "ಕಿವಿ ಮುಚ್ಚಲಿ", "ಕಿವಿ ಕಾಣಲಿ", "ಅಯ್ಯ, ಹಿಂದ ಅಷ್ಟ ತಗದ್ರ ಕುತ್ತಿಗಿ ಕೊಕ್ಕರಿ ಕುತ್ತಿಗಿ ಆಕ್ಕತಿ" ಎಂದು ಮಾತು ನಡೆದೇ ಇರುತ್ತದೆ.

ನಾನು ಕಸ್ತೂರಿ. ನಿಂಗಣ್ಣನ ಅಂಗಡಿಯ ಎದುರಿಗೆ ನಮ್ಮಣ್ಣ ಸಂಗಪ್ಪನ ಮನೆ. ಅದರ ಪಡಸಾಲೆಯಲ್ಲಿ ಹೊಲಿಗೆ ಮಶೀನು ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದೆ. ಹೆಂಗಸರಿಲ್ಲದ ಗಂಡಸು ಯಾವನೇ ಕುರ್ಚಿಗೆ ಬಂದರೂ ನಿಂಗಣ್ಣ ರಸ್ತೆಯಾಚೆಯಿಂದ ಕೂಗುತ್ತಿದ್ದ: "ಕಸ್ತೂರಕ್ಕಾ, ಒಂದ್ ಮಾತ್ ಹೇಳಿ ಹೋಗ ಬಾ." ನಾನು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ದಾಟಿ ಹೋಗಿ ಹೇಳಿ ಬರುತ್ತಿದ್ದೆ. ಇಪ್ಪತ್ತು ವರ್ಷಗಳಲ್ಲಿ ನನ್ನ ಮಾತಿಗೆ ಕತ್ತರಿ ಒಮ್ಮೆಯೂ ತಡವರಿಸಿದ್ದಿಲ್ಲ. ಯಾಕೆಂದರೆ ನನ್ನಲ್ಲಿ ಅಭಿಪ್ರಾಯಗಳಿಗೆ ಬರವಿಲ್ಲ. ಬೋಳುತಲೆಯ ಮೇಲೆ ಈ ಕಿವಿಯಿಂದ ಆ ಕಿವಿಗೆ ನಾಲ್ಕೆಳೆ ಎಳೆದು ಅಂಟಿಸಿಕೊಳ್ಳುವವನನ್ನು ಕಂಡರೆ ನನಗಾಗದು. ಬೋಳಾದರೆ ಬೋಳು, ಅದರಲ್ಲೇನು ನಾಚಿಕೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಪೈಕಿಯವರು ಕೆಲವರು, ಮನೆಯಲ್ಲಿ ಹೆಂಡತಿಯ ಸೀರೆ ಹರಿದಿದ್ದರೂ ಮೀಸೆಗೆ ಮೇಣ ತಪ್ಪಿಸುವುದಿಲ್ಲ. ಉದ್ದ ಕೂದಲಿನ ಗಂಡಸನ್ನು ನಾನು ಎಂದೂ ಹಳಿದವಳಲ್ಲ, ತೊಳೆದುಕೊಂಡಿದ್ದರೆ ಸಾಕು. ಬೆಂಚಿನ ಹಿರಿಯಳು ದುರ್ಗವ್ವ ಇದನ್ನು ಒಪ್ಪುವುದಿಲ್ಲ. ಗಂಡಸಿನ ಕೂದಲು ಹಿಡಿತಕ್ಕೆ ಸಿಗಬಾರದು, ಸಿಕ್ಕರೆ ಸೊಕ್ಕುತ್ತಾನೆ ಎಂಬುದು ಅವಳ ಸಿದ್ಧಾಂತ. ಈ ಬಗ್ಗೆ ನಾವಿಬ್ಬರೂ ಹತ್ತು ವರ್ಷ ಜಗಳವಾಡಿದ್ದೇವೆ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಮಾತು ಅವಳ ಸ್ವಂತದ್ದಾಗಿರಬೇಕು. ಗಂಡ ಮನೆಯಲ್ಲಿ ಹೇಳಿಕೊಟ್ಟು ಕಳಿಸಿದ ಮಾತನ್ನು ಹೆಂಡತಿ ಬೆಂಚಿನ ಮೇಲೆ ಗಿಳಿಯ ಹಾಗೆ ಒಪ್ಪಿಸಿದರೆ ಕತ್ತರಿ ಕೂದಲನ್ನು ಬರೀ ಅಗಿಯುತ್ತದೆ, ಕತ್ತರಿಸುವುದಿಲ್ಲ. ಆಗ ನಿಂಗಣ್ಣ ಕತ್ತರಿಯನ್ನು ಟವೆಲಿಗೆ ಒರೆಸಿ, ಯಾರಿಗೂ ಬೇಸರವಾಗದಂತೆ, "ಅವ್ವಾರ, ಇದು ನಿಮ್ಮ ಮಾತಲ್ಲ. ಚೂರ ವಿಚಾರ ಮಾಡಿ ಹೇಳ್ರಿ" ಅನ್ನುತ್ತಾನೆ. ಆಕೆ ಗಂಡನ ಮುಖ ನೋಡುತ್ತಾಳೆ, ಆಮೇಲೆ ಅವನ ತಲೆ ನೋಡುತ್ತಾಳೆ, ತನಗೆ ಅನ್ನಿಸಿದ್ದನ್ನು ಹೇಳುತ್ತಾಳೆ. ಕಚಕ್ ಎಂದು ಕತ್ತರಿ ಓಡುತ್ತದೆ. ಇಷ್ಟು ಸೂಕ್ಷ್ಮ ಕಿವಿ ಒಂದು ಕಬ್ಬಿಣದ ತುಂಡಿಗಿದೆ. ನಮ್ಮ ಪಂಚಾಯಿತಿಯ ಹಿರಿಯರಿಗಿಲ್ಲ. ಇದು ನನಗೆ ಇವತ್ತಿಗೂ ಉರಿಯುವ ವಿಷಯ.

ನಮ್ಮಲ್ಲಿ ನಿಶ್ಚಯ ನಡೆಯುವುದೂ ಕತ್ತರಿಯಿಂದಲೇ. ಮದುಮಗನನ್ನು ಮಣೆಯ ಮೇಲೆ ಕೂರಿಸಿ ನಿಂಗಣ್ಣ ಅವನ ನೆತ್ತಿಗೆ ನೀರು ಮುಟ್ಟಿಸುತ್ತಾನೆ. ನೀರು ಮುಟ್ಟಿದ ಗಳಿಗೆಯಿಂದ ಆ ತಲೆ ತಾಯಿಯ ಮಾತಿನಿಂದ ಹುಡುಗಿಯ ಮಾತಿಗೆ ದಾಟುತ್ತದೆ. ತಾಯಿ ಆಮೇಲೆ ಏನು ಹೇಳಿದರೂ ನಡೆಯದು. ಹುಡುಗಿಯನ್ನು ಕರೆದು "ಎಲ್ಲೀತನಕ ತಗೀಲಿ?" ಎಂದು ಕೇಳುತ್ತಾರೆ. ಅವಳು ಹೇಳಿದಷ್ಟು ಕತ್ತರಿಸಿ ಎಲೆ ಅಡಿಕೆ ಬದಲಾಯಿಸಿದರೆ ಮದುವೆ ಗಟ್ಟಿ. ಮದುವೆಯಲ್ಲಿ ಹುಡುಗಿಯನ್ನು ಕೇಳುವ ಪ್ರಶ್ನೆ ಅದೊಂದೇ. ಹುಡುಗಿಗೆ ನಾಚಿಕೆಯಾದರೆ ಅವಳ ಕಡೆಯ ಹೆಂಗಸು ಯಾರಾದರೂ ಹೇಳಬಹುದು. ನನ್ನ ನಿಶ್ಚಯದ ದಿನ ನನಗೆ ನಾಚಿಕೆಯಾಗಿರಲಿಲ್ಲ. ಈ ಮದುವೆ ಒಲ್ಲೆ ಎಂದು ನಾನು ವಾರದಿಂದ ಹೇಳಿದ್ದೆ. ಅದನ್ನೇ ನಾಚಿಕೆ ಎಂದು ಲೆಕ್ಕ ಹಿಡಿದು ನಮ್ಮ ಸೋದರತ್ತೆಯನ್ನು ಮುಂದೆ ಮಾಡಿದರು. ಅವಳು ನನ್ನ ಹಾಗೆಯೇ ಬಾಯಿ ಚುರುಕಿನವಳು, ಕೆಟ್ಟವಳೇನಲ್ಲ. ಮಣೆಯ ಮೇಲಿನ ತಲೆಯನ್ನು ನೋಡಿ, "ಹಿಂದ ಸಣ್ಣಗ ಮಾಡೋ, ಕುತ್ತಿಗಿ ಕಾಣ್ಲಿ" ಅಂದಳು. ಅದು ಅವಳಿಗೆ ನಿಜಕ್ಕೂ ಅನ್ನಿಸಿದ ಮಾತು, ಕತ್ತರಿ ಸರಸರ ಓಡಿತು. ಹಾಗೆ ನನ್ನ ಮದುವೆಯಾಯಿತು. ಮೂರು ವರ್ಷಕ್ಕೆ ಬರಿಗೈಯಲ್ಲಿ ತಿರುಗಿ ಬಂದೆ. ಆ ಮೂರು ವರ್ಷದ ಕಥೆ ಇಲ್ಲಿ ಬೇಡ, ಅದನ್ನು ಎತ್ತಿದರೆ ನನ್ನ ಬಾಯಿ ನಿಲ್ಲುವುದಿಲ್ಲ.

ಈಗ ಸುವರ್ಣಾಳ ಮಾತಿಗೆ ಬರುತ್ತೇನೆ. ಸುವರ್ಣಾ ಸಂಗಪ್ಪನ ಮಗಳು, ನನ್ನ ಕೈಯಲ್ಲಿ ಬೆಳೆದವಳು. ಇಪ್ಪತ್ತು ತುಂಬಿತ್ತು. ಪೇಟೆಯ ಕೊನೆಯಲ್ಲಿ ದಾವಲಸಾಬರ ಅಂಗಡಿಯಲ್ಲಿ ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ ಕಲಿತಿದ್ದಳು. ತಾಮ್ರದ ತಂತಿಯನ್ನು ಒಂದರ ಪಕ್ಕ ಒಂದು ಕೂರಿಸುವಾಗ ಅವಳು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದಳು. ಎಣಿಸಿ ಹಾಕಿದ ಸುತ್ತುಗಳಲ್ಲಿ ಒಂದೂ ತಪ್ಪುತ್ತಿರಲಿಲ್ಲ. ದಾವಲಸಾಬರೇ ಹೇಳುತ್ತಿದ್ದರು: "ನಾ ಸುತ್ತಿದ ಮೋಟರ್ ಒಂದ್ ವರ್ಷ ಬಾಳಕಿ ಬಂದ್ರ, ಈ ಹುಡುಗೀದು ಮೂರು ವರ್ಷ ಬರ್ತೈತಿ." ಒಮ್ಮೆ ಪರೀಕ್ಷೆಗಿಟ್ಟ ಮೋಟರಿನ ಬೆಲ್ಟಿಗೆ ಅವಳ ಜಡೆಯ ತುದಿ ಸಿಕ್ಕಿತು. ಅವಳು ಒಂದು ಕೈಯಲ್ಲಿ ಸ್ವಿಚ್ಚು ಆರಿಸಿ, ಇನ್ನೊಂದು ಕೈಯಲ್ಲಿ ತಂತಿ ಕತ್ತರಿಸುವ ಕತ್ತರಿ ಎತ್ತಿ ಸಿಕ್ಕಷ್ಟು ಜಡೆಯನ್ನು ತುಂಡು ಮಾಡಿದಳು. ನಾಲ್ಕು ಇಂಚು ಹೋಯಿತು. ಹೆಂಗಸರ ಕೂದಲಿಗೆ ನಮ್ಮೂರಿನಲ್ಲಿ ಯಾವ ಕತ್ತರಿಯೂ ನಡೆಯುತ್ತದೆ, ಯಾರ ಮಾತಿಗೂ ನಡೆಯುತ್ತದೆ. ಅಂದಿನಿಂದ ಅವಳು ಕೆಲಸದ ಹೊತ್ತಿನಲ್ಲಿ ಜಡೆಯನ್ನು ಟೊಪ್ಪಿಗೆಯೊಳಗೆ ತುರುಕಿಕೊಳ್ಳುತ್ತಿದ್ದಳು.

ಆ ಟೊಪ್ಪಿಗೆಯ ಹುಡುಗಿಯನ್ನು ನೋಡಲು ಕೆಳಗಿನ ಓಣಿಯ ಕಲ್ಲವ್ವ ಬಂದಳು. ಎಣ್ಣೆ ಮಿಲ್ಲಿನ ಒಡತಿ, ಗಂಡನಿಲ್ಲ, ಒಬ್ಬನೇ ಮಗ ರುದ್ರೇಶ. ಅವನಿಗೆ ಮೂವತ್ತೊಂದು. ಮಿಲ್ಲಿನ ಮೋಟರು ಸುಟ್ಟಾಗ ದಾವಲಸಾಬರ ಅಂಗಡಿಗೆ ಹೋಗಿ ಸುವರ್ಣಾಳನ್ನು ನೋಡಿದ್ದನಂತೆ. ತಾಯಿ ಮಗ ಇಬ್ಬರೂ ಬಂದರು. ಅವನು ಪಡಸಾಲೆಯಲ್ಲಿ ಕೂತು ಚಹಾ ಕುಡಿದ. ಕಲ್ಲವ್ವ ಒಳಗಿನ ಖೋಲಿಗೆ ಬಂದು ಹುಡುಗಿಯನ್ನು ನಿಲ್ಲಿಸಿಕೊಂಡಳು. ಏನು ಓದಿದ್ದೀ ಎಂದು ಕೇಳಲಿಲ್ಲ, ಏನು ಕೆಲಸ ಬರುತ್ತದೆ ಎಂದು ಕೇಳಲಿಲ್ಲ. ನನ್ನ ಕಡೆ ಕೈಚಾಚಿ, "ನಿನ್ನ ಟೇಪ ಕೊಡವಾ ಇಲ್ಲೆ" ಅಂದಳು. ಏನೋ ಕುಪ್ಪಸದ ಅಳತೆಯಿರಬೇಕೆಂದು ನಾನು ಕೊರಳಿನಿಂದ ತೆಗೆದು ಕೊಟ್ಟೆ. ಅವಳು ಸುವರ್ಣಾಳ ಭುಜ ಹಿಡಿದು ತಿರುಗಿಸಿದಳು. ಜಡೆಯನ್ನು ಬಿಚ್ಚಿದಳು, ನೆತ್ತಿಯಿಂದ ತುದಿಯವರೆಗೆ ಟೇಪು ಇಳಿಬಿಟ್ಟಳು, ಬೆರಳಿಟ್ಟು ಓದಿದಳು. "ಸೊಂಟಕ್ಕ ನಾಕು ಇಂಚು ಕಡಿಮಿ ಐತಿ. ಇರ್ಲಿ, ಬೆಳೀಲಿ. ಆಮ್ಯಾಲ ನೋಡೂಣು. ಆ ಟೊಪಗಿ ಮಾತ್ರ ಇವತ್ತಿಂದ ಬಂದ್. ನಮ್ಮನಿಗೆ ಬಂದ ಮ್ಯಾಲ ಮೋಟರ್ ಪೀಟರ್ ಏನೂ ಬ್ಯಾಡ."

ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರಾದರೂ ಎಮ್ಮೆಯ ಬೆನ್ನು ಒಮ್ಮೆ ಸವರುತ್ತಾರೆ. ನನ್ನ ಟೇಪಿನಿಂದ, ನನ್ನ ಕಣ್ಣೆದುರಿಗೆ, ನಾನು ಎಣ್ಣೆ ಹಚ್ಚಿ ಬೆಳೆಸಿದ ಜಡೆಯನ್ನು ಆ ಹೆಂಗಸು ಅಳೆದಳಲ್ಲ ಎಂದು ನನಗೆ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಆದರೆ ಮೊದಲು ಬಾಯಿ ತೆರೆದವಳು ಸುವರ್ಣಾ. ಕೂದಲನ್ನು ಹಿಂದಕ್ಕೆ ಎಸೆದು, ಕಲ್ಲವ್ವನ ಮುಖವನ್ನೇ ನೋಡಿ, "ನಾ ಒಲ್ಲೆರಿ" ಅಂದಳು. ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿಯೇ ಅಂದಳು. ಕಲ್ಲವ್ವ ನಕ್ಕು, "ಎಲ್ಲಾ ಹುಡಿಗ್ಯಾರೂ ಹಂಗ ಅಂತಾವು" ಎಂದು ಟೇಪನ್ನು ನನ್ನ ಕೈಗೆ ತುರುಕಿ ಹೊರಗೆ ಹೋದಳು. ರಾತ್ರಿ ಊಟಕ್ಕೆ ಕೂತಾಗ ಸುವರ್ಣಾ ಅಪ್ಪನಿಗೂ ಅದನ್ನೇ ಹೇಳಿದಳು. ಸಂಗಪ್ಪ ರೊಟ್ಟಿ ಮುರಿಯುತ್ತ, "ನಿನ್ನನ್ಯಾರ ಕೇಳ್ಯಾರ?" ಅಂದ. ನಿಜ. ಯಾರೂ ಕೇಳಿರಲಿಲ್ಲ.

ನಿಶ್ಚಯ ಒಂದು ಗುರುವಾರ ಬೆಳಿಗ್ಗೆ. ಪಡಸಾಲೆಯಲ್ಲಿ ನನ್ನ ಮಶೀನನ್ನು ಮೂಲೆಗೆ ಸರಿಸಿ ಮಣೆ ಹಾಕಿದ್ದರು. ಪದ್ಧತಿಯಂತೆ ರುದ್ರೇಶ ಆರು ವಾರ ಕೂದಲು ಬಿಟ್ಟಿದ್ದ. ತನ್ನದೇ ಮಿಲ್ಲಿನ ಎಣ್ಣೆಯನ್ನು ಧಾರಾಳವಾಗಿ ಸುರಿದುಕೊಂಡು ಹಣೆಯ ಮೇಲೆ ಗುಡ್ಡದಂತೆ ಏರಿಸಿ ಬಾಚಿದ್ದ. ನಿಂಗಣ್ಣ ನೆತ್ತಿಗೆ ನೀರು ಮುಟ್ಟಿಸಿದ, ತಲೆ ದಾಟಿತು. ಸುವರ್ಣಾಳನ್ನು ಕರೆತಂದು ನಿಲ್ಲಿಸಿದರು. ಸಂಗಪ್ಪ ಹೆಂಡತಿ ಬಾಳವ್ವನ ಕಿವಿಯಲ್ಲಿ ಹೇಳಿದ, ಬಾಳವ್ವ ಮಗಳ ಕಿವಿಯಲ್ಲಿ ಹೇಳಿದಳು. ಸುವರ್ಣಾ ನೆಲ ನೋಡುತ್ತ, "ಕಿವಿ ತನಕ" ಅಂದಳು. ನಿಂಗಣ್ಣ ಬಾಚಣಿಗೆಯಲ್ಲಿ ಒಂದು ಹಿಡಿ ಎತ್ತಿ ಕತ್ತರಿ ಹಾಕಿದ. ಕತ್ತರಿ ಅಗಿಯಿತು. ಮತ್ತೆ ಹಾಕಿದ, ಮತ್ತೆ ಅಗಿಯಿತು. ನೆಲದ ಮೇಲೆ ಒಂದು ಎಳೆಯೂ ಬೀಳಲಿಲ್ಲ.

ಪಡಸಾಲೆಯಲ್ಲಿದ್ದ ಮೂವತ್ತು ಜನರಿಗೂ ಇದರ ಅರ್ಥ ಗೊತ್ತಿತ್ತು. ಹುಟ್ಟಿದಾಗಿನಿಂದ ಕಂಡದ್ದಲ್ಲವೇ? ಆದರೂ ಏನಂದರು ಗೊತ್ತೇ? ಕತ್ತರಿ ಮೊಂಡು ಅಂದರು. "ಎಂಥಾ ಕತ್ರಿ ತಂದೀಯೋ, ಮಸಿಯೋ ಮದಲ" ಎಂದು ಸಂಗಪ್ಪ ಗದರಿದ. ನಿಂಗಣ್ಣ ಕಲ್ಲಿನ ಮೇಲೆ ಮಸೆದ, ಟವೆಲಿನ ದಾರವೊಂದನ್ನು ಹಿಡಿದು ಕತ್ತರಿಸಿ ತೋರಿಸಿದ. ದಾರ ತುಂಡಾಯಿತು, ಕೂದಲು ಆಗಲಿಲ್ಲ. ಎರಡನೆಯ ಕತ್ತರಿ ತರಿಸಿದರು. ಆಮೇಲೆ ಹುಡುಗಿಗೆ ನಾಚಿಕೆ, ತಾಯಿ ಹೇಳಲಿ ಅಂದರು. ಬಾಳವ್ವ ಸೆರಗಿನ ತುದಿ ಹಿಂಡುತ್ತ "ಕಿವಿ ತನಕ ತಗಿಯಪ್ಪಾ" ಅಂದಳು. ಅದಕ್ಕೂ ಕತ್ತರಿ ನಡೆಯಲಿಲ್ಲ. ಗಂಡನ ಮಾತನ್ನು ಇಪ್ಪತ್ತೆರಡು ವರ್ಷ ಮೀರದ ಬಾಳವ್ವನೊಳಗೆ ಮೀರುವ ಮಾತೊಂದು ಕೂತಿತ್ತೆಂದು ನನಗೂ ಆವತ್ತೇ ತಿಳಿದದ್ದು. ಅವಳು ಗೋಡೆಗೆ ಮುಖ ಮಾಡಿ ಅತ್ತಳು.

ಆಗ ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. "ಕಸ್ತೂರಿ ಅದಾಳಲ್ಲ," ಅಂದ ಸಂಗಪ್ಪ, ದೊಡ್ಡ ಭಾರ ಇಳಿದವನ ಹಾಗೆ. "ಇಪ್ಪತ್ತ ವರ್ಷದಾಗ ನಿನ್ನ ಮಾತಿಗೆ ಕತ್ರಿ ನಿಂತದ್ದ ಇಲ್ಲ. ಒಂದ್ ಮಾತ್ ಹೇಳವಾ ತಂಗಿ."

ನಿಜ ಹೇಳುತ್ತೇನೆ, ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆ ಹಣೆಯ ಮೇಲಿನ ಗುಡ್ಡವನ್ನು ಕಂಡಾಗಿನಿಂದ ನನ್ನ ಬಾಯಿ ತುರಿಸುತ್ತಿತ್ತು. ಮುಂದಿನ ಗುಪ್ಪೆ ತೆಗೆದು, ಕಿವಿಯ ಪಕ್ಕ ಒಂದು ಬೆರಳು ಬಿಟ್ಟರೆ ಅವನು ಮನುಷ್ಯನ ಹಾಗೆ ಕಾಣುತ್ತಿದ್ದ. ಅದು ನನ್ನ ಸ್ವಂತ ಅಭಿಪ್ರಾಯ, ಅಪ್ಪಟ ಅಭಿಪ್ರಾಯ. ಹೇಳಿದ್ದರೆ ಕತ್ತರಿ ಓಡುತ್ತಿತ್ತು. ನನ್ನ ಸೋದರತ್ತೆಯ ಮಾತಿಗೆ ಓಡಿತಲ್ಲ, ಹಾಗೆಯೇ ಓಡುತ್ತಿತ್ತು. ಕೂದಲಿನ ಬಗ್ಗೆ ನಾನು ಆಡಿದ ನಿಜದಿಂದ ಈ ಹುಡುಗಿಯ ಮದುವೆ ಗಟ್ಟಿಯಾಗುತ್ತಿತ್ತು. ಸುವರ್ಣಾ ಆಗ ತಲೆಯೆತ್ತಿ ನನ್ನನ್ನು ನೋಡಿದಳು. ಬೇಡಿಕೊಳ್ಳುವ ನೋಟವೇನಲ್ಲ. ಇವಳೂ ಹೇಳಿಬಿಡುತ್ತಾಳೆ ಎಂದು ಗೊತ್ತಾದವಳ ನೋಟ. ಇಪ್ಪತ್ತಾರು ವರ್ಷದ ಹಿಂದೆ ನಾನು ನನ್ನ ಸೋದರತ್ತೆಯನ್ನು ನೋಡಿದ್ದು ಹಾಗೆಯೇ.

"ಹೇಳೂದಿಲ್ಲ," ಅಂದೆ.

"ಯಾಕ, ನಿನಗ ಏನೂ ಅನಸೂದಿಲ್ಲೇನು?" ಕಲ್ಲವ್ವ ಕೇಳಿದಳು.

"ಅನಸ್ತೈತಿ. ಬೊಗಸಿ ತುಂಬ ಐತಿ. ಹೇಳೂದಿಲ್ಲ. ಈ ತಲಿ ಮ್ಯಾಲಿನ ಕೂದಲಾ ಎಷ್ಟಿರಬೇಕು ಅಂತ ಮನಿ ಮಂದೀನೆಲ್ಲಾ ಕೇಳಾಕತ್ತೀರಿ. ಈ ತಲೀನ ಬೇಕೋ ಬ್ಯಾಡೋ ಅಂತ ಆ ಹುಡುಗೀನ ಯಾರರ ಕೇಳಿರೇನು?"

"ಕಸ್ತೂರೀ," ಸಂಗಪ್ಪ ಹಲ್ಲು ಕಚ್ಚಿದ, "ನೀ ಯಾರ ಮನಿ ಪಡಸಾಲ್ಯಾಗ ಕುಂತ ಅನ್ನಾ ತಿಂತೀಯಾ, ನೆನಪ ಇಟಗೊ."

"ನೆನಪ ಐತಿ ಅಣ್ಣಾ. ಮಶೀನ ತುಳಿಯೂದು ನಾನ, ಅದೂ ನೆನಪೈತಿ."

ಅಲ್ಲಿಗೆ ನಾನು ಬಾಯಿ ಮುಚ್ಚಿದೆ. ಜೀವಮಾನದಲ್ಲಿ ಮೊದಲ ಸಲ. ಒಂದು ತಾಸು ಬೈದರು, ಅರ್ಧ ತಾಸು ಪುಸಲಾಯಿಸಿದರು. ನಾನು ತುಟಿ ಬಿಚ್ಚಲಿಲ್ಲ. ಕಲ್ಲವ್ವ ಕತ್ತರಿಯನ್ನು ತಾನೇ ಕಸಿದುಕೊಂಡು ಮಗನ ತಲೆಗೆ ಹಾಕಿ, "ಕಿವಿ ತನಕ, ಕಿವಿ ತನಕ" ಎಂದು ಚೀರಿದಳು. ತಲೆ ದಾಟಿಹೋಗಿತ್ತು, ಅವಳ ಮಾತು ನಡೆಯಲಿಲ್ಲ. ರುದ್ರೇಶ ಎಣ್ಣೆಯ ಗುಡ್ಡವನ್ನು ಹೊತ್ತುಕೊಂಡೇ ಎದ್ದು ಮನೆಗೆ ಹೋದ.

ಅದೇ ಸಂಜೆ ನನ್ನ ಮಶೀನು ರಸ್ತೆಯ ಮೇಲಿತ್ತು. ಅದರ ಮೇಲೆ ನನ್ನ ಟ್ರಂಕು, ಟ್ರಂಕಿನ ಮೇಲೆ ಅರ್ಧ ಹೊಲಿದ ಕುಪ್ಪಸಗಳು. ನಿಂಗಣ್ಣ ರಸ್ತೆ ದಾಟಿ ಬಂದು ಮಶೀನಿನ ಒಂದು ಬದಿ ಎತ್ತಿದ. ಇಬ್ಬರೂ ಸೇರಿ ಅದನ್ನು ಅವನ ಅಂಗಡಿಯ ಬೆಂಚಿನ ತುದಿಗೆ ಒಯ್ದು ಇಟ್ಟೆವು. ನಿನಗೆ ತೊಂದರೆಯಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಬೆಂಚ ಹೆಂಗಸರದ್ದಕ್ಕಾ. ಕುಂದ್ರಾಕ ನನ್ನ ಯಾಕ ಕೇಳ್ತಿ?" ಅಂದ. ಮಲಗಲು ದುರ್ಗವ್ವ ತನ್ನ ಹಿಂದಿನ ಖೋಲಿ ಕೊಟ್ಟಳು. ಹತ್ತು ವರ್ಷ ನನ್ನೊಡನೆ ಜಗಳವಾಡಿದವಳು ಅವಳು. ಚಾಪೆ ಹಾಸುತ್ತಲೂ, ಉದ್ದ ಕೂದಲಿನ ಗಂಡಸನ್ನು ಹೊಗಳಿದರೆ ಹೊರಗೆ ಹಾಕುತ್ತೇನೆ ಎಂದು ಹೆದರಿಸಿದಳು.

ಆಮೇಲಿನ ತಿಂಗಳುಗಳಲ್ಲಿ ನಾನು ಕಂಡದ್ದನ್ನು ಹೇಳಿದರೆ ನಿಮಗೂ ಸಿಟ್ಟು ಬಂದೀತು. ರುದ್ರೇಶನ ಕೂದಲು ಕಿವಿ ದಾಟಿತು, ಕುತ್ತಿಗೆ ದಾಟಿತು, ಭುಜದ ಮೇಲೆ ಬಂತು. ಬೇರೆ ಊರುಗಳಿಗೆ ಹೋಗಿ ಬಂದ, ನಮ್ಮೂರಿನ ತಲೆಗೆ ಅಲ್ಲಿನ ಕತ್ತರಿಯೂ ನಡೆಯಲಿಲ್ಲ. ಊರಿನ ಗಂಡಸರಿಗೆ ಅಯ್ಯೋ ಅನ್ನಿಸಿತು. ಒಂದು ಗಂಡುಜೀವವನ್ನು ಹಾಳು ಮಾಡಿದರು ಅಂದರು. ಓಣಿಯ ನಲ್ಲಿಗಾಗಿ ಹನ್ನೊಂದು ವರ್ಷ ಸೇರಲು ಪುರುಸೊತ್ತಿಲ್ಲದ ಪಂಚಾಯಿತಿ, ಒಬ್ಬನ ಕೂದಲಿಗಾಗಿ ಒಂದೇ ವಾರದಲ್ಲಿ ಎರಡು ಸಲ ಸೇರಿತು! ಸುವರ್ಣಾಳನ್ನು ಕಟ್ಟೆಯ ಮುಂದೆ ನಿಲ್ಲಿಸಿ ಹೇಳು ಅಂದರು. ಅವಳು ಹೇಳಿದಳು, ಕತ್ತರಿ ಅಗಿಯಿತು. "ನಾ ನೀವು ಅಂದದ್ದ ಅಂದೀನ್ರಿ. ಕತ್ರಿ ಒಲ್ಲೆ ಅಂತೈತಿ. ನನ್ನ ಮಾತಂತೂ ಕೇಳಲಿಲ್ಲ, ಅದರ ಮಾತರ ಕೇಳ್ರಿ" ಅಂದಳು. ಹಿರಿಯರು ಕತ್ತರಿಗೆ ಎಣ್ಣೆ ಹಾಕಲು ತೀರ್ಮಾನಿಸಿ ಎದ್ದರು.

ಬೆಂಚಿನವರೆಲ್ಲ ನನ್ನ ಕಡೆಗಿದ್ದರೆಂದು ತಿಳಿಯಬೇಡಿ. ಒಂದು ಮಾತಿಗೆ ಎಷ್ಟು ಹಟ, ಕೂದಲಾದರೂ ಕತ್ತರಿಸಿ ಪುಣ್ಯ ಕಟ್ಟಿಕೊಳ್ಳಬಾರದೇ ಎಂದು ಗೊಣಗಿದವರು ಹೆಂಗಸರೇ. "ಮಣಿ ಮ್ಯಾಲ ಕತ್ತರಿಸಿದ್ರ ಮದಿವಿ, ಕುರ್ಚಿ ಮ್ಯಾಲ ಕತ್ತರಿಸಿದ್ರ ಬರೇ ಕಟಿಂಗ್. ಕುರ್ಚಿ ಮ್ಯಾಲ ಕುಂದ್ರಿಸಿ ಹೇಳಿಬಿಡ್ಲಿ" ಎಂದು ದಾರಿ ತೋರಿಸಿದರು. ಸುವರ್ಣಾ ಅದಕ್ಕೂ ಬಗ್ಗಲಿಲ್ಲ. "ನನ್ನ ಮಾತು ಅವರಿಗೆ ಬೇಕಾದಾಗ ಒಂದ್ ಕಟಿಂಗ್‌ನಷ್ಟ ಬೇಕು, ಬ್ಯಾಡಾದಾಗ ಬ್ಯಾಡ. ಮದಲ ಆಡಿದ ಮಾತ ಎಲ್ಲಿ ಹೋತು ಅತ್ತಿ? ಅದನ್ನ ಹುಡುಕಿ ತರ್ಲಿ" ಅಂದಳು. ಅವಳ ಅಪ್ಪ ಅವಳೊಡನೆ ಮಾತು ಬಿಟ್ಟಿದ್ದ. ಬಾಳವ್ವ ಮಾತ್ರ ಪ್ರತಿ ಬೆಳಿಗ್ಗೆ ಮಗಳ ಟೊಪ್ಪಿಗೆ ಒಗೆದು ಒಣಗಿಸಿ ಕೊಡುತ್ತಿದ್ದಳು.

ಏಳನೆಯ ತಿಂಗಳಲ್ಲಿ ರುದ್ರೇಶನ ಕೂದಲು ಮಿಲ್ಲಿನ ಬೆಲ್ಟಿನ ಹತ್ತಿರ ಹಾರಿತಂತೆ. ಮರುದಿನದಿಂದ ಅವನೂ ಅದನ್ನು ಸುತ್ತಿ ಟೊಪ್ಪಿಗೆಯೊಳಗೆ ತುರುಕಿಕೊಂಡು ಕೆಲಸ ಮಾಡತೊಡಗಿದ. ಇದನ್ನು ಕೇಳಿ ನಾನು ನಕ್ಕೆ. ಸುವರ್ಣಾ ನಗಲಿಲ್ಲ. "ಮದಲನೇ ದಿನ ಕುತ್ತಿಗಿ ಭಾಳ ನೋಯ್ತೈತಿ" ಅಂದಳು, ಅಷ್ಟೆ.

ಒಂಬತ್ತನೆಯ ತಿಂಗಳ ಒಂದು ಭಾನುವಾರ ತಾಯಿ ಮಗ ಇಬ್ಬರೂ ನಿಂಗಣ್ಣನ ಅಂಗಡಿಗೆ ಬಂದರು. ಬೆಂಚು ತುಂಬಿತ್ತು. ಸುವರ್ಣಾ ನನಗೆ ಬುತ್ತಿ ಕೊಡಲು ಬಂದು ಮಶೀನಿನ ಪಕ್ಕ ನಿಂತಿದ್ದಳು. ಕಲ್ಲವ್ವ 'ಹೇಗಿದ್ದೀ' ಅನ್ನಲಿಲ್ಲ, 'ತಪ್ಪಾಯಿತು' ಅನ್ನಲಿಲ್ಲ. ನೇರ ಸುವರ್ಣಾಳ ಮುಂದೆ ನಿಂತು, "ಮದಿವಿ ಮಾತ ಆಮ್ಯಾಲ ಕುಂತ ಮಾತಾಡೂಣು. ಮದಲ ಇದನ್ನ ಕತ್ತರಿಸು ಅನ್ನು. ಮಂದ್ಯಾಗ ತಲಿ ಎತ್ತಾಕ ಬರದಂಗಾಗೈತಿ" ಅಂದಳು. ಸುವರ್ಣಾ ನನ್ನ ಕೊರಳಿಗೆ ಕೈ ಹಾಕಿ ಟೇಪನ್ನು ತೆಗೆದುಕೊಂಡಳು. "ಟೊಪಗಿ ತಗೀರಿ" ಅಂದಳು ರುದ್ರೇಶನಿಗೆ. ಅವನು ತೆಗೆದ. ಕೂದಲು ಬೆನ್ನ ತುಂಬ ಇಳಿಯಿತು. "ತಿರುಗ್ರಿ." ಅವನು ತಿರುಗಿದ. ಅವಳು ನೆತ್ತಿಯ ಮೇಲೆ ಟೇಪಿನ ತುದಿಯಿಟ್ಟು ಇಳಿಬಿಟ್ಟು, ಕೆಳಗೆ ಬೆರಳಿಟ್ಟು ಓದಿದಳು.

"ಸೊಂಟಕ್ಕ ನಾಕು ಇಂಚು ಕಡಿಮಿ ಐತಿ. ಇರ್ಲಿ, ಬೆಳೀಲಿ. ಆಮ್ಯಾಲ ನೋಡೂಣು."

ಕಲ್ಲವ್ವನ ಮುಖ ಕೆಂಪಾಯಿತು. "ಅವನ ತಲಿ, ಅವನ ಕೂದಲಾ!" ಎಂದು ಕೂಗಿದಳು. "ಅಳತಿ ಮಾಡಾಕ ನೀ ಯಾವಕಿ?"

ಬೆಂಚಿನ ಮೇಲೆ ಸೊಪ್ಪು ಸೋಸುತ್ತಿದ್ದ ಕೈಗಳು ನಿಂತವು. ನಿಂಗಣ್ಣ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟ. ಅನ್ನಬೇಕಾದ್ದನ್ನೆಲ್ಲ ಕಲ್ಲವ್ವನೇ ಅಂದಾಗಿತ್ತು. ತಾನು ಏನಂದೆನೆಂದು ಅವಳಿಗೂ ಕೇಳಿಸಿರಬೇಕು.

ಮಾತಾಡಿದವನು ರುದ್ರೇಶ. ನಮ್ಮ ಕಡೆ ಬೆನ್ನು ಹಾಕಿದ್ದವನು ಹಾಗೆಯೇ ನಿಂತು, ಕನ್ನಡಿಯಲ್ಲಿ ನೋಡುತ್ತ ಹೇಳಿದ: "ಸಾಕ ಮಾಡವ್ವಾ. ಆವತ್ತ ಅವರು ನಿನ್ನ ಮುಂದ ಒಲ್ಲೆ ಅಂದಿದ್ರು. ನಾ ಹೊರಗ ಚಾ ಕುಡಕೋತ ಕೇಳೀನಿ. ಕೇಳಿನೂ ಕೇಳದಂಗ ಕುಂತೆ. ಮಣಿ ಮ್ಯಾಲೂ ಹಂಗ ಹೋಗಿ ಕುಂತೆ."

"ನಾ ಏನಂದಿದ್ದೆ?" ಸುವರ್ಣಾ ಕೇಳಿದಳು.

"ಒಲ್ಲೆ ಅಂದಿದ್ರಿ."

"ಇವರಿಗೆಲ್ಲಾ ಕೇಳ್ಲಿ."

ಅವನು ತಿರುಗಿದ. ಬೆಂಚಿನ ಹೆಂಗಸರ ಕಡೆ, ಬಾಗಿಲಲ್ಲಿ ಗುಂಪುಗೂಡಿದ್ದ ಗಂಡಸರ ಕಡೆ, ಎದುರು ಪಡಸಾಲೆಯಲ್ಲಿ ನಿಂತು ನೋಡುತ್ತಿದ್ದ ಸಂಗಪ್ಪನ ಕಡೆ ನೋಡಿ, "ಈಕಿ ಒಲ್ಲೆ ಅಂದಿದ್ಲು. ನಮಗ ಕೇಳಿತ್ತು" ಅಂದ.

ಸುವರ್ಣಾಳ ಕಣ್ಣು ತುಂಬಿದ್ದನ್ನು ನಾನೊಬ್ಬಳೇ ನೋಡಿದೆ. ಅವಳು ಟೇಪನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟಳು. "ಕುರ್ಚಿ ಮ್ಯಾಲ ಕುಂದ್ರಿ ಹಂಗಾರ. ನಿಂಗಣ್ಣಾ, ಭುಜದ ತನಕ." ಕತ್ತರಿ ಒಂದೇ ಸಲಕ್ಕೆ ಓಡಿತು. ಕೂದಲು ನೆಲದ ಮೇಲೆ ರಾಶಿಯಾಗಿ ಬೀಳುವುದನ್ನು ನೋಡಲು ಅವಳು ನಿಲ್ಲಲಿಲ್ಲ. ದಾವಲಸಾಬರ ಅಂಗಡಿಯಲ್ಲಿ ಅರ್ಧ ಸುತ್ತಿದ ಮೋಟರು ಬಿಟ್ಟು ಬಂದಿದ್ದಳು, ಟೊಪ್ಪಿಗೆ ಹಾಕಿಕೊಂಡು ಹೊರಟಳು. ಬಾಗಿಲಲ್ಲಿದ್ದ ಗಂಡಸರು ದಾರಿ ಬಿಟ್ಟರು.

ಮರುವಾರ ಸಂಗಪ್ಪ ಬಾಳವ್ವನ ಕೈಯಲ್ಲಿ ಹೇಳಿಕಳಿಸಿದ, ಮಶೀನು ಪಡಸಾಲೆಗೆ ವಾಪಸು ತರಬಹುದಂತೆ. ನಾನು ಹೋಗಲಿಲ್ಲ. ಬೆಂಚಿನ ತುದಿಯಲ್ಲಿ ಬೆಳಕು ಚೆನ್ನಾಗಿದೆ. ಇನ್ನು ರುದ್ರೇಶನ ಕೂದಲಿನ ಬಗ್ಗೆ ನನ್ನ ಅಭಿಪ್ರಾಯ ಕೇಳುವುದಾದರೆ, ಉದ್ದ ಕೂದಲು ಅವನಿಗೆ ಒಪ್ಪುತ್ತಿತ್ತು, ಬೆನ್ನ ಮೇಲೆ ಇಳಿದಾಗ ಮುಖಕ್ಕೆ ಒಂದು ಕಳೆ ಬಂದಿತ್ತು. ಇದನ್ನು ನಾನು ಬೆಂಚಿನ ಮೇಲೆ ಈವರೆಗೆ ಆಡಿಲ್ಲ. ದುರ್ಗವ್ವನಿಗಂತೂ ಹೇಳುವ ಹಾಗೇ ಇಲ್ಲ.

ಮೊನ್ನೆ ನಾವೆಲ್ಲ ಸೇರಿ ಮತ್ತೆ ಪಂಚಾಯಿತಿ ಕಟ್ಟೆಗೆ ಹೋಗಿ ನಲ್ಲಿಯ ವಿಷಯ ಎತ್ತಿದೆವು. ಹಿರಿಯನೊಬ್ಬ ಎಂದಿನಂತೆ ನಕ್ಕು, "ನಮ್ಮ ಜುಟ್ಟಾನ ನಿಮ್ಮ ಕೈಯಾಗ..." ಎಂದು ಶುರುಮಾಡಿದ. ನಾನು ಅವನ ಮಾತು ಮುಗಿಯಲು ಬಿಡಲಿಲ್ಲ. "ಜುಟ್ಟ ನೀವ ಇಟಗೊಳ್ರಿ," ಅಂದೆ. "ನಾವು ಆಡಿದ್ದು ನಿಮಗ ಕೇಳತೈತೋ ಇಲ್ಲೋ, ಅದನ್ನಷ್ಟ ಹೇಳ್ರಿ." ಅವನು ಪಕ್ಕದವನ ಮುಖ ನೋಡಿದ, ಪಕ್ಕದವನು ನೆಲ ನೋಡಿದ. ನಾವು ಈ ಸಲ ಎದ್ದು ಬಂದಿಲ್ಲ. ಚಾಪೆ ನಾವೇ ಒಯ್ದಿದ್ದೆವು, ಹಾಸಿಕೊಂಡು ಅಲ್ಲೇ ಕೂತಿದ್ದೇವೆ.